ಹನ್ನೆರಡು ತಂತಿಗಳಲ್ಲಿ ಇಪ್ಪತ್ತು ತಂತಿಗಳ ಕೆಲಸ

ಗೋಟುವಾದ್ಯದ ಕಛೇರಿಯನ್ನು ನೀವು ಕೇಳಿರಬಹುದು. ಚಿತ್ರವೀಣೆ ಎಂದೂ ಅದಕ್ಕೆ ಹೆಸರುಂಟು. ವೀಣೆಯಲ್ಲಿರುವಂತೆ ಅದರಲ್ಲಿ ಮೆಟ್ಟಿಲುಗಳಿಲ್ಲ. ವಾದಕರು ಎಡಗೈಯಲ್ಲಿ ಒಂದು ನುಣುಪಾದ ತುಂಡನ್ನು ಹಿಡಿದು ತಂತಿಗಳ ಮೇಲೆ ಜಾರಿಸುತ್ತಾರೆ. ಒಂದು ಸ್ವರದಿಂದ ಇನ್ನೊಂದಕ್ಕೆ ನಾದ ಎಲ್ಲಿಯೂ ತುಂಡಾಗದೆ ಹರಿಯುತ್ತದೆ. ಹಳೆಯ ಹಿಂದಿ ಚಲನಚಿತ್ರಗೀತೆಗಳಲ್ಲಿ ಕೇಳಿಬರುವ ಹವಾಯಿಯನ್ ಗಿಟಾರಿನ ನಾದವೂ ಹೀಗೆಯೇ ಜಾರುತ್ತದೆ.

ಹವಾಯಿಯನ್ ಗಿಟಾರ್ ಅಮೆರಿಕದಲ್ಲಿ ಬೆಳೆದು ಪಡೆದ ಒಂದು ರೂಪವೇ ಪೆಡಲ್ ಸ್ಟೀಲ್ ಗಿಟಾರ್. ನಮ್ಮಲ್ಲಿ ಇದು ಬಲು ಅಪರೂಪ. ಆದರೆ ಅಮೆರಿಕದ ಟೆನೆಸ್ಸಿ ರಾಜ್ಯದ ನ್ಯಾಶ್‌ವಿಲ್ ನಗರದಲ್ಲಿ ಬೆಳೆದ ಕಂಟ್ರಿ ಸಂಗೀತದಲ್ಲಿ ಇದರ ನಾದ ಎಲ್ಲರಿಗೂ ಪರಿಚಿತ. ಇದನ್ನು ಕಲಿಯುವವರ ಮುಂದೆ ಮೊದಲಿಗೇ ಒಂದು ಪ್ರಶ್ನೆ ನಿಲ್ಲುತ್ತದೆ: ಇಪ್ಪತ್ತು ತಂತಿಗಳ ಜೋಡಿ ವಾದ್ಯ ಬೇಕೋ, ಹನ್ನೆರಡು ತಂತಿಗಳಲ್ಲೇ ಎರಡೂ ಕೆಲಸ ಮಾಡುವ ವಾದ್ಯ ಸಾಕೋ? ಒಮ್ಮೆ ಆರಿಸಿಕೊಂಡರೆ ಕೈಕಾಲುಗಳೆಲ್ಲ ಅದಕ್ಕೇ ಪಳಗುತ್ತವೆ. ಅನಂತರ ಬದಲಾಯಿಸುವುದು ಕಷ್ಟ. ಇದು ಸಂಗೀತದ ಪ್ರಶ್ನೆ ಮಾತ್ರವಲ್ಲ. ಉತ್ತರ ಹುಡುಕುತ್ತ ಹೊರಟರೆ ಗಣಗಳ ಗಣಿತ, ಕಂಪಿಸುವ ತಂತಿಯ ನಿಯಮ, ಉಕ್ಕಿನ ಬಲ, ಶ್ರುತಿಯ ಲೆಕ್ಕಾಚಾರ ಎಲ್ಲವೂ ಎದುರಾಗುತ್ತವೆ. ನೀವು ತರಗತಿಯಲ್ಲಿ ಓದಿದ್ದು ಇಲ್ಲಿ ಹೇಗೆ ಬಳಕೆಯಾಗುತ್ತದೆ ಎಂದು ನೋಡೋಣ.

ಸರಳಿನ ಸೌಲಭ್ಯ, ಸರಳಿನ ತೊಡಕು

19ನೆಯ ಶತಮಾನದ ಕೊನೆಯಲ್ಲಿ ಹವಾಯಿ ದ್ವೀಪದ ಜೋಸೆಫ್ ಕೆಕುಕು ಎಂಬಾತ ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ತುಂಡನ್ನು ಜಾರಿಸಿ ನುಡಿಸುವ ಪದ್ಧತಿಯನ್ನು ಬಳಕೆಗೆ ತಂದ ಎನ್ನುತ್ತಾರೆ. 'ಸ್ಟೀಲ್ ಗಿಟಾರ್' ಎಂಬ ಹೆಸರು ಬಂದದ್ದು ಈ ಉಕ್ಕಿನ ಸರಳಿನಿಂದ, ಗಿಟಾರಿನ ಮೈಯಿಂದಲ್ಲ.

ಸರಳು ತಂತಿಯನ್ನು ಹಲಗೆಗೆ ಒತ್ತುವುದಿಲ್ಲ. ತಂತಿಯ ಮೇಲೆ ಹಗುರವಾಗಿ ಕುಳಿತು ಕಂಪಿಸುವ ಭಾಗದ ಉದ್ದವನ್ನು ಕಡಿಮೆ ಮಾಡುತ್ತದೆ, ಅಷ್ಟೇ. ಹಲಗೆಯ ಮೇಲಿನ ಅಡ್ಡಗೆರೆಗಳು ಕೇವಲ ಗುರುತುಗಳು. ಒಂದೊಂದು ಗೆರೆ ದಾಟಿದಾಗಲೂ ಸ್ವರ ಒಂದು 'ಅರೆಸ್ವರ' ಏರುತ್ತದೆ. ಅಂದರೆ ಆವೃತ್ತಿ 1.0595 ಪಟ್ಟಾಗುತ್ತದೆ. ಹನ್ನೆರಡು ಗೆರೆ ದಾಟಿದರೆ ಆವೃತ್ತಿ ಎರಡರಷ್ಟಾಗಿ ಒಂದು ಸ್ಥಾಯಿ ಪೂರ್ಣವಾಗುತ್ತದೆ.

ತೊಡಕು ಇರುವುದು ಇಲ್ಲಿಯೇ. ಸರಳು ನೇರವಾಗಿರುವುದರಿಂದ ಎಲ್ಲ ತಂತಿಗಳೂ ಒಂದೇ ಗೆರೆಯಲ್ಲಿ ಮೊಟಕಾಗುತ್ತವೆ. ಪಾಶ್ಚಾತ್ಯ ಸಂಗೀತದಲ್ಲಿ ಹಲವು ಸ್ವರಗಳನ್ನು ಒಟ್ಟಿಗೆ ಮೀಟಿ 'ಸ್ವರಮೇಳ' ನುಡಿಸುತ್ತಾರೆ. ತಂತಿಗಳನ್ನು ಸ-ಗ-ಪ ಎಂದು ಶ್ರುತಿ ಮಾಡಿದ್ದರೆ ಸರಳನ್ನು ಎಲ್ಲಿಟ್ಟರೂ ಸ-ಗ-ಪ ಬಗೆಯ ಸ್ವರಮೇಳವೇ ಬರುತ್ತದೆ. ಎತ್ತರ ಬದಲಾಗುತ್ತದೆ, ಸ್ವರಗಳ ನಡುವಣ ಅಂತರ ಬದಲಾಗುವುದಿಲ್ಲ. ಬೇರೆ ಬಗೆಯ ಸ್ವರಮೇಳ ಬೇಕಾದರೆ ಬೇರೆ ಶ್ರುತಿ ಮಾಡಿದ ಇನ್ನೊಂದು ತಂತಿಸಾಲು ಬೇಕು. ಹೀಗಾಗಿ 1940ರ ದಶಕದ ಹೊತ್ತಿಗೆ ಎರಡು, ಮೂರು, ನಾಲ್ಕು ದಂಡಿಗಳಿದ್ದ ಸ್ಟೀಲ್ ಗಿಟಾರುಗಳೂ ಬಂದಿದ್ದವು.

ಪೆಡಲ್‌ಗಳು ಈ ತೊಡಕಿಗೆ ಕಂಡುಕೊಂಡ ಉತ್ತರ. ವಾದಕ ಪಾದದಿಂದ ಪೆಡಲ್ ಒತ್ತಿದರೆ, ಇಲ್ಲವೆ ಮೊಣಕಾಲಿನಿಂದ ಒಂದು ಸನ್ನೆಯನ್ನು ಪಕ್ಕಕ್ಕೆ ತಳ್ಳಿದರೆ, ವಾದ್ಯದ ಅಡಿಯಲ್ಲಿರುವ ಕಡ್ಡಿಗಳು ತಂತಿಯ ಒಂದು ತುದಿಯ ಕೀಲನ್ನು ತುಸು ಎಳೆಯುತ್ತವೆ ಅಥವಾ ಸಡಿಲಿಸುತ್ತವೆ. ಆ ಒಂದೆರಡು ತಂತಿಗಳ ಶ್ರುತಿ ಮಾತ್ರ ಬದಲಾಗಿ, ಉಳಿದವು ಇದ್ದಂತೆಯೇ ಇರುತ್ತವೆ. ವೆಬ್ ಪಿಯರ್ಸ್ ಹಾಡಿ 1954ರಲ್ಲಿ ಜನಪ್ರಿಯವಾದ 'ಸ್ಲೋಲಿ' ಎಂಬ ಹಾಡಿನಲ್ಲಿ ಬಡ್ ಐಸಾಕ್ಸ್, ತಂತಿ ಮೊಳಗುತ್ತಿರುವಾಗಲೇ ಪೆಡಲ್ ಒತ್ತಿ ಸ್ವರವನ್ನು ಬಾಗಿಸಿದ. ಅದನ್ನು ಕೇಳಿದ ಅನೇಕ ವಾದಕರು ತಮ್ಮ ವಾದ್ಯಗಳಿಗೂ ಪೆಡಲ್ ಜೋಡಿಸಿಕೊಳ್ಳತೊಡಗಿದರು. ಮುಂದೆ ಬಡ್ಡಿ ಎಮನ್ಸ್ ಮೊದಲಾದವರು ಪೆಡಲ್‌ಗಳ ಕೆಲಸವನ್ನು ಬೇರೆಬೇರೆಯಾಗಿ ಹಂಚಿ, ಹೊಸ ತಂತಿಗಳನ್ನು ಸೇರಿಸಿ ಈ ವಾದ್ಯವನ್ನು ಇಂದಿನ ರೂಪಕ್ಕೆ ತಂದರು.

ಎರಡು ಶ್ರುತಿಜೋಡಣೆಗಳು

ಹಲವು ಪ್ರಯೋಗಗಳ ಬಳಿಕ ಎರಡು ಶ್ರುತಿಜೋಡಣೆಗಳು ಗಟ್ಟಿಯಾಗಿ ನೆಲೆಯೂರಿದವು. ಮೊದಲನೆಯದು 'ಇ9'. ಇದು ಕಂಟ್ರಿ ಸಂಗೀತಕ್ಕೆ ಒಗ್ಗಿದ್ದು. ಎರಡನೆಯದು 'ಸಿ6'. ಇದು ಜಾಸ್ ಮತ್ತು ವೆಸ್ಟರ್ನ್ ಸ್ವಿಂಗ್ ಎಂಬ ಶೈಲಿಗಳಿಗೆ ಒಗ್ಗಿದ್ದು. ಹೆಸರಿನ ಅಕ್ಷರ ಆಧಾರಸ್ವರವನ್ನು ಹೇಳಿದರೆ, ಅಂಕೆಯು ಆ ಸ್ವರಮೇಳದಲ್ಲಿ ಸೇರಿರುವ ಆರನೆಯ ಅಥವಾ ಒಂಬತ್ತನೆಯ ಸ್ವರವನ್ನು ಸೂಚಿಸುತ್ತದೆ.

ಎರಡೂ ಬೇಕೆನ್ನುವವರು ಜೋಡಿ ದಂಡಿಯ ವಾದ್ಯವನ್ನು ನುಡಿಸುತ್ತಾರೆ. ಒಂದು ದಂಡಿಯಲ್ಲಿ ಇ9ರ ಹತ್ತು ತಂತಿ, ಇನ್ನೊಂದರಲ್ಲಿ ಸಿ6ರ ಹತ್ತು ತಂತಿ, ಒಟ್ಟು ಇಪ್ಪತ್ತು. ಎರಡಕ್ಕೂ ಪ್ರತ್ಯೇಕ ಕೀಲುಗಳು, ಕಡ್ಡಿಗಳು, ಪೆಡಲ್‌ಗಳು. ಹೀಗಾಗಿ ವಾದ್ಯ ಭಾರವಾಗುತ್ತದೆ, ಬೆಲೆಯೂ ಏರುತ್ತದೆ. ಒಂದು ದಂಡಿಯನ್ನು ನುಡಿಸುವಾಗ ಇನ್ನೊಂದು ಸುಮ್ಮನೆ ಬಿದ್ದಿರುತ್ತದೆ.

ಇಪ್ಪತ್ತರಿಂದ ಹದಿನಾಲ್ಕು, ಹದಿನಾಲ್ಕರಿಂದ ಹನ್ನೆರಡು

ಈ ಇಪ್ಪತ್ತು ತಂತಿಗಳಲ್ಲಿ ನಿಜವಾಗಿಯೂ ಇಪ್ಪತ್ತು ಬೇರೆಬೇರೆ ಸ್ವರಗಳಿವೆಯೇ? ಲೆಕ್ಕ ಹಾಕೋಣ. ಸುಲಭವಾಗಲೆಂದು ಸಿ6 ಜೋಡಣೆಯನ್ನು ಇಡಿಯಾಗಿ ಒಂದು ಅರೆಸ್ವರ ಇಳಿಸಿ 'ಬಿ6' ಮಾಡಿಕೊಳ್ಳೋಣ. ಅಂತರಗಳೆಲ್ಲ ಹಾಗೆಯೇ ಉಳಿಯುವುದರಿಂದ ಸರಳನ್ನು ಒಂದು ಗೆರೆ ಮುಂದಿಟ್ಟರೆ ಹಳೆಯ ಸ್ವರಗಳೇ ಸಿಗುತ್ತವೆ. ತಂತಿಗಳ ಆವೃತ್ತಿಗಳನ್ನು ಹರ್ಟ್ಸ್‌ಗಳಲ್ಲಿ, ದಶಮಾಂಶ ಬಿಟ್ಟು, ಕೆಳಗೆ ಕೊಟ್ಟಿದೆ.

ಇ9: ಎಫ್♯ 370, ಡಿ♯ 311, ಜಿ♯ 415, ಇ 330, ಬಿ 247, ಜಿ♯ 208, ಎಫ್♯ 185, ಇ 165, ಡಿ 147, ಬಿ 123.

ಬಿ6: ಎಫ್♯ 370, ಡಿ♯ 311, ಬಿ 247, ಜಿ♯ 208, ಎಫ್♯ 185, ಡಿ♯ 156, ಬಿ 123, ಜಿ♯ 104, ಇ 82, ಬಿ 62.

(ಇಲ್ಲಿನ ♯ ಗುರುತು 'ಶಾರ್ಪ್', ಅಂದರೆ ಅರೆಸ್ವರ ಮೇಲೆ ಎಂದು ಸೂಚಿಸುತ್ತದೆ. ಇ9ರ ಮೊದಲೆರಡು ತಂತಿಗಳು ಮೂರನೆಯದಕ್ಕಿಂತ ತಗ್ಗಿನಲ್ಲಿರುವುದು ಅಚ್ಚಿನ ತಪ್ಪಲ್ಲ. ವಾದ್ಯದಲ್ಲಿ ತಂತಿಗಳಿರುವುದೇ ಆ ಕ್ರಮದಲ್ಲಿ.)

ಎರಡೂ ಸಾಲುಗಳಲ್ಲಿರುವ ಸ್ವರಗಳನ್ನು ಗುರುತಿಸಿ. 370, 311, 247, 208, 185 ಮತ್ತು 123: ಒಟ್ಟು ಆರು. ಗಣಗಳ ಭಾಷೆಯಲ್ಲಿ ಹೇಳುವುದಾದರೆ ಛೇದನ ಗಣದಲ್ಲಿ ಆರು ಅಂಶಗಳಿವೆ. ಹಾಗಾದರೆ ಸಂಯೋಗ ಗಣದಲ್ಲಿ 10 + 10 − 6 = 14 ಅಂಶಗಳು. ಇಪ್ಪತ್ತು ತಂತಿ ಬೇಕಾಗಿಲ್ಲ, ಹದಿನಾಲ್ಕು ಸಾಕು.

ಪೆಡಲ್ ಮತ್ತು ಸನ್ನೆಗಳಿರುವುದರಿಂದ ಒಂದೇ ತಂತಿ ಎರಡು ಸ್ವರ ಕೊಡಬಲ್ಲದು. ಇ (165) ಮತ್ತು ಡಿ♯ (156) ನಡುವೆ ಒಂದೇ ಅರೆಸ್ವರದ ಅಂತರ. ಒಂದು ತಂತಿಯನ್ನು ಇ ಸ್ವರಕ್ಕಿಟ್ಟು ಸನ್ನೆಯಿಂದ ಡಿ♯ಗೆ ಇಳಿಸಬಹುದು. ಬಿ (123) ಮತ್ತು ಡಿ (147) ನಡುವೆ ಮೂರು ಅರೆಸ್ವರ. ಅಲ್ಲಿಯೂ ಒಂದೇ ತಂತಿಯನ್ನು ಸನ್ನೆಯಿಂದ ಏರಿಸಬಹುದು. ಹೀಗೆ ಇನ್ನೆರಡು ತಂತಿಗಳು ಉಳಿದು ಹನ್ನೆರಡಕ್ಕೆ ಬಂದೆವು:

1) ಎಫ್♯ 370, 2) ಡಿ♯ 311, 3) ಜಿ♯ 415, 4) ಇ 330, 5) ಬಿ 247, 6) ಜಿ♯ 208, 7) ಎಫ್♯ 185, 8) ಇ 165, 9) ಬಿ 123, 10) ಜಿ♯ 104, 11) ಇ 82, 12) ಬಿ 62.

ಇದೇ ಹನ್ನೆರಡು ತಂತಿಯ 'ಇ9/ಬಿ6 ಯೂನಿವರ್ಸಲ್' ಶ್ರುತಿಜೋಡಣೆ. ಎಲ್ಲಕ್ಕೂ ಒಂದೇ ಎಂಬ ಅರ್ಥದಲ್ಲಿ ಇದನ್ನು ಸಾರ್ವತ್ರಿಕ ಶ್ರುತಿಜೋಡಣೆ ಎನ್ನಬಹುದು. ಅಮೆರಿಕದಲ್ಲಿ ಈ ವಾದ್ಯದ ಹೆಸರಾಂತ ಶಿಕ್ಷಕರಾಗಿದ್ದ ಜೆಫ್ ನ್ಯೂಮನ್ ಇದನ್ನು ಬಹಳವಾಗಿ ಪ್ರಚಾರ ಮಾಡಿದರು.

ಸ ಜಾಗ ಬದಲಿಸಿದಾಗ

ಒಂದೇ ಸನ್ನೆಯಿಂದ 4 ಮತ್ತು 8ನೆಯ ತಂತಿಗಳೆರಡೂ ಇ ಸ್ವರದಿಂದ ಡಿ♯ಗೆ ಇಳಿಯುತ್ತವೆ. ಇಷ್ಟಕ್ಕೇ ಇಡೀ ವಾದ್ಯದ ಸ್ವಭಾವ ಬದಲಾಗುವುದು ಹೇಗೆ? ನಮ್ಮ ಸ್ವರಗಳಲ್ಲಿ ಹೇಳಿಕೊಂಡರೆ ಇದು ಬೇಗ ಅರ್ಥವಾಗುತ್ತದೆ.

'ಇ' ಸ್ವರವನ್ನು ಷಡ್ಜ ಎಂದಿಟ್ಟುಕೊಳ್ಳಿ. ಆಗ ಎಫ್♯ ಚತುಶ್ರುತಿ ರಿಷಭ, ಜಿ♯ ಅಂತರ ಗಾಂಧಾರ, ಬಿ ಪಂಚಮ, ಡಿ♯ ಕಾಕಲಿ ನಿಷಾದ. ಈಗ ಸನ್ನೆ ತಳ್ಳಿದಾಗ ಷಡ್ಜದ ಎರಡು ತಂತಿಗಳು ಕಾಕಲಿ ನಿಷಾದಕ್ಕೆ ಇಳಿಯುತ್ತವೆ. ಮೇಲಿನ ತಂತಿಗಳಲ್ಲಿ ಷಡ್ಜವೇ ಇಲ್ಲದಂತಾಯಿತು! ಉಳಿದದ್ದು ರಿ, ಗ, ಪ, ನಿ. ಈಗ ಪಂಚಮವನ್ನೇ ಹೊಸ ಷಡ್ಜ ಎಂದು ಭಾವಿಸಿ ನೋಡಿ. ಹಳೆಯ ನಿಷಾದ ಗಾಂಧಾರವಾಗುತ್ತದೆ, ಹಳೆಯ ರಿಷಭ ಪಂಚಮವಾಗುತ್ತದೆ, ಹಳೆಯ ಗಾಂಧಾರ ಧೈವತವಾಗುತ್ತದೆ. ಸ-ಗ-ಪ-ಧ ಸಿದ್ಧವಾಯಿತು. ಇದೇ ಬಿ6. ಗ್ರಹಭೇದದ ಅಭ್ಯಾಸವಿರುವ ಸಂಗೀತ ವಿದ್ಯಾರ್ಥಿಗಳಿಗೆ ಈ ಜಾಗ ಬದಲಾವಣೆ ಹೊಸದೆನಿಸಲಾರದು.

ಇದರಿಂದ ಇನ್ನೊಂದು ಅನುಕೂಲವಿದೆ. ಎ ಮತ್ತು ಬಿ ಎಂದು ಕರೆಯುವ ಎರಡು ಪೆಡಲ್‌ಗಳನ್ನು ಒಟ್ಟಿಗೆ ಒತ್ತಿದರೆ ಪಂಚಮದ ತಂತಿಗಳು ಧೈವತಕ್ಕೆ, ಗಾಂಧಾರದ ತಂತಿಗಳು ಮಧ್ಯಮಕ್ಕೆ ಏರುತ್ತವೆ. ಆಗ ಸಿಗುವ ಮ-ಧ-ಸ, ಮಧ್ಯಮವನ್ನು ಆಧಾರವಾಗಿ ಉಳ್ಳ ಸ್ವರಮೇಳ. ಸರಳನ್ನು ಕದಲಿಸದೆ ಪೆಡಲ್ ಬಿಟ್ಟರೆ ಷಡ್ಜದ್ದು, ಪೆಡಲ್ ಒತ್ತಿದರೆ ಮಧ್ಯಮದ್ದು, ಸನ್ನೆ ತಳ್ಳಿದರೆ ಪಂಚಮದ್ದು. ಒಂದು ಸರಳ ಹಾಡಿಗೆ ಬೇಕಾಗುವ ಮೂರು ಮುಖ್ಯ ಸ್ವರಮೇಳಗಳೂ ಒಂದೇ ಗೆರೆಯಲ್ಲಿ ಸಿಕ್ಕವು. ಆದ್ದರಿಂದಲೇ ಇದನ್ನು ಪಕ್ಕಪಕ್ಕದಲ್ಲಿಟ್ಟ ಎರಡು ಜೋಡಣೆಗಳೆನ್ನುವುದಕ್ಕಿಂತ ಒಂದೇ ದೊಡ್ಡ ಜೋಡಣೆ ಎಂದು ನೋಡುವುದು ಮೇಲು.

ಏನನ್ನು ಬಿಟ್ಟುಕೊಡುತ್ತೇವೆ?

ಇಲ್ಲಿಯವರೆಗೆ ಲಾಭದ ಮಾತಾಯಿತು. ಒಂದು ತಂತಿಗೆ ಎರಡು ಸ್ವರಗಳ ಕೆಲಸ ಕೊಟ್ಟರೆ ಅವೆರಡೂ ಎಂದಿಗೂ ಒಟ್ಟಿಗೆ ನುಡಿಯಲಾರವು ಎಂಬುದನ್ನು ಮರೆಯಬಾರದು. ಹತ್ತು ತಂತಿಯ ಇ9ರಲ್ಲಿ ಡಿ (147) ಮತ್ತು ಬಿ (123) ಎರಡನ್ನೂ ಒಮ್ಮೆಗೇ ಮೀಟಬಹುದು. ಹನ್ನೆರಡು ತಂತಿಯದರಲ್ಲಿ ಅವೆರಡೂ 9ನೆಯ ತಂತಿಯೇ. ಒಂದು ಬೇಕಾದರೆ ಇನ್ನೊಂದನ್ನು ಬಿಡಬೇಕು.

ಎರಡನೆಯ ನಷ್ಟ ಬೆರಳುಗಳದ್ದು. ಬಿ6 ಸ್ಥಿತಿಯಲ್ಲಿ 4ನೆಯ ತಂತಿ 311ಕ್ಕೆ ಇಳಿದು 2ನೆಯ ತಂತಿಯ ಸ್ವರವನ್ನೇ ಕೊಡುತ್ತದೆ. ಮೂಲ ಜೋಡಣೆಯಲ್ಲಿ ಎಫ್♯, ಡಿ♯, ಬಿ ತಂತಿಗಳು ಒಂದರ ಪಕ್ಕ ಒಂದಿರುತ್ತವೆ. ಇಲ್ಲಾದರೋ 1ರಿಂದ ನೇರ 4ಕ್ಕೆ ಬೆರಳು ಹಾರಬೇಕು. ನಡುವಣ ಎರಡು ತಂತಿಗಳನ್ನು ತಾಗದಿರುವುದನ್ನು ರೂಢಿಸಿಕೊಳ್ಳಬೇಕು.

ಮೂರನೆಯದು ಮೊಣಕಾಲಿನದು. ಹಾಡು ಪೂರ್ತಿ ಬಿ6ರಲ್ಲಿದ್ದರೆ ಅಷ್ಟು ಹೊತ್ತೂ ಸನ್ನೆಯನ್ನು ತಳ್ಳಿ ಹಿಡಿದಿರಬೇಕು. ಈ ದಣಿವು ತಪ್ಪಿಸಲು ಕೆಲವು ವಾದ್ಯಗಳಲ್ಲಿ ಸನ್ನೆಯನ್ನು ತಳ್ಳಿದಲ್ಲಿಯೇ ನಿಲ್ಲಿಸುವ ಕೊಂಡಿಯೊಂದಿರುತ್ತದೆ.

ತಂತಿ ಎಷ್ಟು ತಡೆದೀತು?

ತಂತಿಯ ಆವೃತ್ತಿಯ ನಿಯಮವನ್ನು ಫ್ರಾನ್ಸಿನ ಮಾರಿನ್ ಮರ್ಸೆನ್ 1636ರಷ್ಟು ಹಿಂದೆಯೇ ಪ್ರಕಟಿಸಿದ. ಆವೃತ್ತಿಯು ತಂತಿಯ ಉದ್ದಕ್ಕೆ ವಿಲೋಮಾನುಪಾತದಲ್ಲಿಯೂ, ಬಿಗಿತದ ವರ್ಗಮೂಲಕ್ಕೆ ಅನುಪಾತದಲ್ಲಿಯೂ, ಏಕಮಾನ ಉದ್ದದ ರಾಶಿಯ ವರ್ಗಮೂಲಕ್ಕೆ ವಿಲೋಮಾನುಪಾತದಲ್ಲಿಯೂ ಇರುತ್ತದೆ. ಪೆಡಲ್ ಬದಲಾಯಿಸುವುದು ಮುಖ್ಯವಾಗಿ ಬಿಗಿತವನ್ನು. ಆವೃತ್ತಿ 1.0595 ಪಟ್ಟಾಗಬೇಕಾದರೆ ಬಿಗಿತ ಅದರ ವರ್ಗದಷ್ಟು, ಅಂದರೆ 1.122 ಪಟ್ಟಾಗಬೇಕು. ಅರೆಸ್ವರಕ್ಕೆ ಶೇಕಡಾ 12, ಪೂರ್ಣಸ್ವರಕ್ಕೆ ಶೇಕಡಾ 26, ಮೂರು ಅರೆಸ್ವರಗಳಿಗೆ ಶೇಕಡಾ 41 ಹೆಚ್ಚು ಬಿಗಿತ ಬೇಕು. ನಮ್ಮ 9ನೆಯ ತಂತಿ ಬಿ ಸ್ವರದಿಂದ ಡಿಗೆ ಏರುವಾಗ ಈ ಶೇಕಡಾ 41ರ ಎಳೆತವನ್ನು ಮೊಣಕಾಲು ಒದಗಿಸಬೇಕು. ಆ ಸನ್ನೆ ಉಳಿದವುಗಳಿಗಿಂತ ಬಿರುಸು ಎನ್ನಿಸಿದರೆ ಆಶ್ಚರ್ಯವಿಲ್ಲ.

ಈಗ 3ನೆಯ ತಂತಿ ಜಿ♯ (415) ಗಮನಿಸಿ. ಇದು ಎಲ್ಲಕ್ಕಿಂತ ತೆಳು, ವ್ಯಾಸ ಸುಮಾರು 0.28 ಮಿಲಿಮೀಟರ್. ಪೆಡಲ್ ಒತ್ತಿದಾಗ ಇದು 440 ಹರ್ಟ್ಸ್‌ಗೆ ಏರಬೇಕು. ಮತ್ತೆ ಮತ್ತೆ ಹರಿಯುವ ತಂತಿ ಇದೇ. 'ದಪ್ಪ ತಂತಿ ಹಾಕಿದರಾಯಿತು' ಎಂದು ನಿಮಗೆ ಅನ್ನಿಸಬಹುದು. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. ದಪ್ಪ ಹೆಚ್ಚಿದರೆ ರಾಶಿಯೂ ಹೆಚ್ಚುವುದರಿಂದ ಅದೇ ಸ್ವರಕ್ಕೆ ಬಿಗಿತವನ್ನೂ ಅದೇ ಪ್ರಮಾಣದಲ್ಲಿ ಹೆಚ್ಚಿಸಬೇಕಾಗುತ್ತದೆ. ಆದ್ದರಿಂದ ಏಕಮಾನ ವಿಸ್ತೀರ್ಣದ ಮೇಲಿನ ಬಲ, ಅಂದರೆ ಪೀಡನ, ತಂತಿಯ ದಪ್ಪವನ್ನು ಅವಲಂಬಿಸುವುದೇ ಇಲ್ಲ. ಪೀಡನ = ಸಾಂದ್ರತೆ × (2 × ಉದ್ದ × ಆವೃತ್ತಿ)²

ತಂತಿಯ ಉದ್ದ 0.61 ಮೀಟರ್, ಉಕ್ಕಿನ ಸಾಂದ್ರತೆ ಘನಮೀಟರಿಗೆ 7850 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. 415 ಹರ್ಟ್ಸ್‌ನಲ್ಲಿ ಪೀಡನ ಸುಮಾರು 2.0 ಗಿಗಾಪಾಸ್ಕಲ್, 440ರಲ್ಲಿ ಸುಮಾರು 2.26 ಗಿಗಾಪಾಸ್ಕಲ್. ವಾದ್ಯಗಳಿಗೆ ಬಳಸುವ ತೆಳು ಉಕ್ಕಿನ ತಂತಿ ಹರಿಯುವುದು ಸುಮಾರು 2.5ರಿಂದ 3 ಗಿಗಾಪಾಸ್ಕಲ್‌ನಲ್ಲಿ. ಅಂದರೆ ಪ್ರತಿಬಾರಿ ಪೆಡಲ್ ಒತ್ತಿದಾಗಲೂ ಈ ತಂತಿ ತನ್ನ ಮಿತಿಯ ಹತ್ತಿರಕ್ಕೆ ಹೋಗಿ ಹಿಂದಿರುಗುತ್ತದೆ. ಇದನ್ನು ತಗ್ಗಿಸಲು ದಾರಿಗಳು ಎರಡೇ: ವಾದ್ಯದ ಉದ್ದ ಕಡಿಮೆ ಮಾಡುವುದು ಅಥವಾ ಇಡೀ ಜೋಡಣೆಯನ್ನು ಕೆಳಗಿಳಿಸುವುದು. ಅರೆಸ್ವರ ಇಳಿಸಿದರೆ ಪೀಡನ ಶೇಕಡಾ 11ರಷ್ಟು ಕಡಿಮೆಯಾಗುತ್ತದೆ.

ಇಷ್ಟೆಲ್ಲ ಬದಲಾವಣೆಗೆ ತಂತಿ ಎಷ್ಟು ಹಿಗ್ಗಬೇಕು? ಉಕ್ಕಿನ ಯಂಗ್ ಗುಣಾಂಕ ಸುಮಾರು 200 ಗಿಗಾಪಾಸ್ಕಲ್. ಅದರಂತೆ 3ನೆಯ ತಂತಿ ಅರೆಸ್ವರ ಏರಲು ಸುಮಾರು 0.75 ಮಿಲಿಮೀಟರ್, 5ನೆಯ ತಂತಿ ಪೂರ್ಣಸ್ವರ ಏರಲು ಸುಮಾರು 0.56 ಮಿಲಿಮೀಟರ್ ಹಿಗ್ಗಿದರೆ ಸಾಕು. ಮಿಲಿಮೀಟರಿಗೂ ಕಡಿಮೆ ಚಲನೆಯಲ್ಲಿ ಸ್ವರ ಕರಾರುವಾಕ್ಕಾಗಿ ನಿಲ್ಲಬೇಕಾದ್ದರಿಂದ ಕೀಲುಗಳ ತಯಾರಿಕೆ ಬಲು ಸೂಕ್ಷ್ಮದ ಕೆಲಸ.

ಒಂದೊಂದು ತಂತಿಯ ಬಿಗಿತ 110 ನ್ಯೂಟನ್ ಎಂದಿಟ್ಟುಕೊಂಡರೂ ಹನ್ನೆರಡು ತಂತಿಗಳಿಗೆ 1320 ನ್ಯೂಟನ್. ಇದು ಸುಮಾರು 135 ಕಿಲೋಗ್ರಾಂ ತೂಕಕ್ಕೆ ಸಮ. ಪೆಡಲ್ ಒತ್ತಿದಾಗ ಇದು ಇನ್ನೂ ಹೆಚ್ಚಿ ವಾದ್ಯದ ಒಡಲು ಕೂದಲೆಳೆಯಷ್ಟು ಬಾಗುತ್ತದೆ. ಆಗ ಪೆಡಲ್ ತಾಗದ ತಂತಿಗಳೂ ತುಸು ಸಡಿಲಗೊಂಡು ಅವುಗಳ ಸ್ವರ ಇಳಿಯುತ್ತದೆ. ಹೆಚ್ಚು ತಂತಿಗಳಿಗೆ ಹೆಚ್ಚು ಗಟ್ಟಿಯಾದ ಒಡಲು ಬೇಕೆಂಬುದು ಇದರಿಂದ ಸ್ಪಷ್ಟ.

ಶುದ್ಧ ಶ್ರುತಿಯ ಲೆಕ್ಕ

ಮೇಲೆ ಕೊಟ್ಟಿರುವ ಆವೃತ್ತಿಗಳು ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿ ಪಡೆದವು. ಕಿವಿ ಇದನ್ನು ಪೂರ್ತಿ ಒಪ್ಪುವುದಿಲ್ಲ. ಷಡ್ಜ ಮತ್ತು ಅಂತರ ಗಾಂಧಾರಗಳ ಶುದ್ಧ ಅನುಪಾತ 5/4. ಸಮಪಾಲಿನ ಇ (329.6) ಮತ್ತು ಜಿ♯ (415.3) ಒಟ್ಟಿಗೆ ನುಡಿದರೆ ಮೊದಲನೆಯದರ ಐದರಷ್ಟು ಮತ್ತು ಎರಡನೆಯದರ ನಾಲ್ಕರಷ್ಟು ಆವೃತ್ತಿಯ ಮೇಲ್ಸ್ವರಗಳು ಹೊಂದದೆ ಸೆಕೆಂಡಿಗೆ ಸುಮಾರು 13 ವಿಸ್ಪಂದಗಳು ಹುಟ್ಟುತ್ತವೆ. ಆದ್ದರಿಂದ ಅನೇಕ ವಾದಕರು ಜಿ♯ ತಂತಿಯನ್ನು 412ರ ಸುಮಾರಿಗೆ ಇಳಿಸಿ ಶುದ್ಧಗೊಳಿಸುತ್ತಾರೆ.

ಎರಡು ಜೋಡಣೆಗಳು ಒಂದಾದಾಗ ಈ ಶುದ್ಧತೆ ಉಳಿದೀತೆ? ಇ = 1 ಎಂದಿಟ್ಟು ನೋಡಿ. ಎಫ್♯ 9/8, ಜಿ♯ 5/4, ಬಿ 3/2, ಡಿ♯ 15/8. ಈಗ ಬಿ ಸ್ವರದಿಂದ ಅಳೆದರೆ ಡಿ♯ 5/4, ಎಫ್♯ 3/2, ಜಿ♯ 5/3. ಎಲ್ಲವೂ ಶುದ್ಧ! ಇ9ಗಾಗಿ ಮಾಡಿದ ಶುದ್ಧ ಶ್ರುತಿ ಬಿ6ಗೂ ತಾನಾಗಿಯೇ ಹೊಂದಿಕೊಳ್ಳುತ್ತದೆ.

ಪೆಡಲ್ ಒತ್ತಿದಾಗ ಮಾತ್ರ ಒಂದು ಬಿರುಕು ಕಾಣಿಸಿಕೊಳ್ಳುತ್ತದೆ. ಬಿ ತಂತಿ ಸಿ♯ಗೆ ಏರುತ್ತದೆ. ಎ-ಸಿ♯-ಇ ಸ್ವರಮೇಳ ಶುದ್ಧವಾಗಬೇಕಾದರೆ ಸಿ♯ 5/3 ಆಗಿರಬೇಕು. ಆದರೆ 7ನೆಯ ತಂತಿಯ ಎಫ್♯ ಜೊತೆಗೆ ಅದನ್ನು ನುಡಿಸಿದರೆ ಅನುಪಾತ (5/3) ÷ (9/8) = 40/27. ಶುದ್ಧ ಪಂಚಮಕ್ಕೆ ಬೇಕಾದದ್ದು 3/2. ಇವೆರಡರ ನಡುವಣ ವ್ಯತ್ಯಾಸ 81/80. ನಮ್ಮ ಸಂಗೀತಶಾಸ್ತ್ರದ ಪ್ರಮಾಣಶ್ರುತಿಗೆ ಇಂದಿನ ಲೆಕ್ಕದಲ್ಲಿ ಕೊಡುವ ಬೆಲೆಯೂ ಇದೇ. ತ್ರಿಶ್ರುತಿ ಧೈವತ (5/3) ಮತ್ತು ಚತುಶ್ರುತಿ ಧೈವತ (27/16) ಇವುಗಳ ನಡುವಣ ಅಂತರವೂ ಇಷ್ಟೇ. ಕಿವಿಗೆ ಇದು ಸೆಕೆಂಡಿಗೆ ಸುಮಾರು ಏಳು ಏರಿಳಿತಗಳಾಗಿ ಕೇಳಿಸುತ್ತದೆ. ಪೆಡಲ್ ಒತ್ತಿದಾಗ ಎಫ್♯ ತಂತಿಯೂ ತುಸು ಇಳಿಯುವಂತೆ ಇನ್ನೊಂದು ಕಡ್ಡಿ ಜೋಡಿಸುವುದು ಒಂದು ಪರಿಹಾರ. ತಪ್ಪನ್ನು ಎಲ್ಲ ತಂತಿಗಳಿಗೂ ಸ್ವಲ್ಪಸ್ವಲ್ಪ ಹಂಚುವುದು ಇನ್ನೊಂದು. ತಪ್ಪೇ ಇಲ್ಲದ ದಾರಿ ಮಾತ್ರ ಇಲ್ಲ. ಇದು ವಾದ್ಯದ ದೋಷವಲ್ಲ, ಸಂಖ್ಯೆಗಳ ಸ್ವಭಾವ.

ಆಯ್ಕೆ ಹೇಗೆ?

ಹಾಗಾದರೆ ಯಾವುದನ್ನು ಆರಿಸಬೇಕು? ಕಂಟ್ರಿ ಸಂಗೀತ ಮಾತ್ರ ಸಾಕೆನ್ನುವವರಿಗೆ ಹತ್ತು ತಂತಿಯ ಇ9 ಸಾಕು. ಡಿ ತಂತಿಯನ್ನು ಬಿಡಲೊಲ್ಲದೆ, ಕೆಳಸ್ಥಾಯಿಯೂ ಬೇಕೆನ್ನುವವರಿಗೆ ಕೆಳಗೆ ಎರಡು ತಂತಿ ಸೇರಿಸಿದ ಹನ್ನೆರಡು ತಂತಿಯ 'ವಿಸ್ತೃತ ಇ9' ಇದೆ. ಎರಡು ಶೈಲಿಗಳನ್ನೂ ಸಮನಾಗಿ ನುಡಿಸುವವರು, ಅವುಗಳ ಮೂಲ ಬೆರಳುಗಾರಿಕೆಯನ್ನು ಬಿಡಲು ಇಷ್ಟಪಡದವರು ಜೋಡಿ ದಂಡಿಯ ಭಾರವನ್ನು ಹೊರಲೇಬೇಕು.

ಯೂನಿವರ್ಸಲ್ ಬೇಕೆನ್ನುವವರು ಇನ್ನೊಂದು ಪ್ರಶ್ನೆಗೆ ಉತ್ತರಿಸಬೇಕು: ಕಾಲು ಯಾವುದನ್ನೂ ಮುಟ್ಟದಿರುವಾಗ ವಾದ್ಯ ಯಾವ ಸ್ಥಿತಿಯಲ್ಲಿರಬೇಕು? ಇ9/ಬಿ6ರಲ್ಲಿ ವಿಶ್ರಾಂತ ಸ್ಥಿತಿ ಇ9. ಮಾರಿಸ್ ಆಂಡರ್ಸನ್ ಎಂಬ ವಾದಕರು 'ಬಿ♭6' ಜೋಡಣೆಯನ್ನು ಎತ್ತಿಹಿಡಿದರು (♭ ಗುರುತು 'ಫ್ಲ್ಯಾಟ್', ಅಂದರೆ ಅರೆಸ್ವರ ಕೆಳಗೆ). ಅಲ್ಲಿ ವಿಶ್ರಾಂತ ಸ್ಥಿತಿ ಆರನೆಯ ಸ್ವರದ ಜೋಡಣೆ. ಸನ್ನೆಯಿಂದ ಡಿ ತಂತಿಗಳನ್ನು ಏರಿಸಿದರೆ ಇ♭9 ಸಿಗುತ್ತದೆ. ಕಂಟ್ರಿ ಹೆಚ್ಚು ನುಡಿಸುವವರಿಗೆ ಮೊದಲನೆಯದು, ಜಾಸ್ ಹೆಚ್ಚು ನುಡಿಸುವವರಿಗೆ ಎರಡನೆಯದು ಮೊಣಕಾಲಿಗೆ ಹಗುರ. ಹೆಚ್ಚು ಬಳಸುವ ಸ್ಥಿತಿಯೇ ವಿಶ್ರಾಂತ ಸ್ಥಿತಿಯಾಗಿರಲಿ ಎಂಬುದು ಒಳ್ಳೆಯ ಸೂತ್ರ.

ಒಟ್ಟಿನಲ್ಲಿ, ನಿಮಗೆ ಯಾವ ಯಾವ ಸ್ವರಗಳು ಬೇಕು ಎಂದು ಪಟ್ಟಿ ಮಾಡಿದರೆ ಸಾಲದು. ಯಾವ ಸ್ವರಗಳು ಒಟ್ಟಿಗೆ ಬೇಕು ಎಂದು ಪಟ್ಟಿ ಮಾಡಬೇಕು. ಒಂದೊಂದಾಗಿ ಬೇಕಾದವುಗಳನ್ನು ಒಂದೇ ತಂತಿಗೆ ಹಾಕಬಹುದು. ಒಟ್ಟಿಗೆ ಬೇಕಾದವುಗಳಿಗೆ ಬೇರೆ ತಂತಿಗಳೇ ಬೇಕು.

ತರಗತಿಯಲ್ಲಿ ಮಾಡಿ ನೋಡಿ

1. ಇಪ್ಪತ್ತು ಚೀಟಿಗಳ ಮೇಲೆ ಮೇಲಿನ ಎರಡೂ ಸಾಲುಗಳ ಸ್ವರ ಮತ್ತು ಆವೃತ್ತಿಗಳನ್ನು ಬರೆಯಿರಿ. ಸಮಾನವಾದವುಗಳನ್ನು ಒಂದರ ಮೇಲೊಂದಿಟ್ಟು ಹದಿನಾಲ್ಕು ಗುಂಪು ಮಾಡಿ. ಬಳಿಕ, ಮೂರು ಅರೆಸ್ವರಗಳ ಒಳಗಿರುವ ಯಾವ ಜೋಡಿಗಳನ್ನು ಒಂದೇ ತಂತಿಗೆ ಹಾಕಬಹುದೆಂದು ಹುಡುಕಿ. ಇ-ಡಿ♯ ಮತ್ತು ಬಿ-ಡಿ ಅಲ್ಲದೆ ಬೇರೆ ಜೋಡಿಗಳೂ ಸಿಗುತ್ತವೆ. ಅವುಗಳನ್ನು ಆರಿಸಿದರೆ ಯಾವ ಸ್ವರಮೇಳ ಕೈತಪ್ಪುತ್ತದೆ ಎಂದು ವಿದ್ಯಾರ್ಥಿಗಳೇ ಚರ್ಚಿಸಲಿ.

2. ಸೋನೋಮೀಟರಿನ ತಂತಿಯ ಉದ್ದವನ್ನು ಬದಲಿಸದೆ 2.00 ಕಿಲೋಗ್ರಾಂ ತೂಕ ತೂಗುಹಾಕಿ ಆವೃತ್ತಿಯನ್ನು ಗುರುತಿಸಿಕೊಳ್ಳಿ. ಮೊಬೈಲ್ ಫೋನಿನಲ್ಲಿ ಆವೃತ್ತಿ ತೋರಿಸುವ ಆ್ಯಪ್ ಇದಕ್ಕೆ ಸಾಕು. ಬಳಿಕ ತೂಕವನ್ನು 2.24, 2.52 ಮತ್ತು 2.83 ಕಿಲೋಗ್ರಾಂಗೆ ಏರಿಸಿ. ಸ್ವರ ಕ್ರಮವಾಗಿ ಒಂದು, ಎರಡು ಮತ್ತು ಮೂರು ಅರೆಸ್ವರ ಏರಬೇಕು. ತೂಕ ಏರಿಸುವಾಗ ಮುಖವನ್ನು ತಂತಿಯಿಂದ ದೂರವಿಡಲು ಹೇಳಿ.

3. ಒಂದು ಸ್ಥಾಯಿ ಏರಿಸಲು ಎಷ್ಟು ತೂಕ ಬೇಕೆಂದು ಮೊದಲು ಲೆಕ್ಕ ಹಾಕಿಸಿ. ಉತ್ತರ 8 ಕಿಲೋಗ್ರಾಂ ಎಂದು ತಿಳಿದಾಗ, ಪೆಡಲ್‌ಗಳು ಮೂರು ಅರೆಸ್ವರಗಳಷ್ಟಕ್ಕೇ ಏಕೆ ತೃಪ್ತಿಪಡುತ್ತವೆ ಎಂಬುದು ವಿದ್ಯಾರ್ಥಿಗಳಿಗೆ ತಾನಾಗಿ ಹೊಳೆಯುತ್ತದೆ.